ಪಾವಗಡದಂತಹ ಗಡಿ ತಾಲ್ಲೂಕಿನ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ಕಡಿಮೆ, ಇರುವವರೂ ವಯಸ್ಸಾದವರು. ಇದೇಕೆ?

ಮೂಲ ಕಾರಣ ನೇಮಕಾತಿಯ ಕ್ರಮದಲ್ಲಿಯೇ ಇದೆ. ಕಾಯಂ ಹುದ್ದೆಗಳಿಗೆ ಪ್ರತಿವರ್ಷ ಸ್ವಲ್ಪ ಸ್ವಲ್ಪ ಜನರನ್ನು ತೆಗೆದುಕೊಳ್ಳದೆ, ಹಲವು ವರ್ಷಗಳಿಗೊಮ್ಮೆ ಒಟ್ಟಾಗಿ ತೆಗೆದುಕೊಂಡರೆ, ಅವರೆಲ್ಲರೂ 60 ತುಂಬಿದಾಗ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾಗುತ್ತಾರೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಗುತ್ತಿಗೆ ನೌಕರರು ಬಂದರಾದರೂ, ಸೇವಾ ಭದ್ರತೆಯಿಲ್ಲದ ಯುವಜನರು ಬೇರೆಡೆ ಅವಕಾಶ ಸಿಕ್ಕೊಡನೆ ಹೊರಡುವುದು ಸಹಜ.

ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರವಿರಬೇಕೆಂಬುದು ಮಾನದಂಡ. ಅಲ್ಲಿನ ಕಿರಿಯ ಆರೋಗ್ಯ ಸಹಾಯಕಿ (ಹುದ್ದೆಯ ಹೆಸರು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂದಾಗಿದೆ, ಹಳ್ಳಿಯವರ ಬಾಯಲ್ಲಿ ಇಂದಿಗೂ ‘ನರ್ಸಮ್ಮ’) ನಿವೃತ್ತರಾದರೆ, ಪಕ್ಕದ ಉಪಕೇಂದ್ರದವರಿಗೇ ಪ್ರಭಾರ ವಹಿಸಲಾಗುತ್ತದೆ. ಆಗ ಐವತ್ತೈದು ದಾಟಿದ ಒಬ್ಬರೇ ಎರಡು ಕಡೆಯ ಲಸಿಕೆ, ಗರ್ಭಿಣಿಯರ ತಪಾಸಣೆ, ಮನೆ ಭೇಟಿಗಳ ಜೊತೆಗೆ ಮೊಬೈಲಿನಲ್ಲಿ ಮಾಹಿತಿ ತುಂಬುವ ಕೆಲಸವನ್ನೂ ಹೊರಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಖಾಲಿ ಹುದ್ದೆಗಿಂತ ಈ ಪ್ರಭಾರದ ಪದ್ಧತಿಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಕಾಗದದಲ್ಲಿ ಕೊರತೆಯೇ ಕಾಣುವುದಿಲ್ಲ.

ಹೊಸ ವೈದ್ಯರಿಗೆ 2012ರ ಕಾಯ್ದೆಯಂತೆ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯವಾಗಿತ್ತು, ಈಗ ಅದು ಎಲ್ಲರಿಗೂ ಕಡ್ಡಾಯವಲ್ಲ. ಅದೇನೇ ಇರಲಿ, ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ, ತುಮಕೂರಿನಿಂದ ಸುಮಾರು 100 ಕಿ.ಮೀ. ದೂರದ ಈ ತಾಲ್ಲೂಕಿನಲ್ಲಿ, ಬಂದ ವೈದ್ಯರನ್ನು ಉಳಿಸಿಕೊಳ್ಳಲು ವಸತಿಗೃಹ, ಮಕ್ಕಳಿಗೆ ಒಳ್ಳೆಯ ಶಾಲೆಗಳೂ ಬೇಕು.