ತಾಡಪತ್ರಿ ಎರಡೇ ವರ್ಷಕ್ಕೆ ಚಿಂದಿ ಯಾಕೆ?

ಪ್ರಶ್ನೆ: ಒಣದ್ರಾಕ್ಷಿ ಶೆಡ್ಡಿಗೆ ಹೊದಿಸುವ ತಾಡಪತ್ರಿ ಎರಡು ಬೇಸಿಗೆಗೆ ಚಿಂದಿಯಾಗುತ್ತದೆ. ಗುಜರಿಯವನೂ ಮುಟ್ಟುವುದಿಲ್ಲ. ಸುಟ್ಟುಬಿಡಲಾ?
– ಒಬ್ಬ ರೈತರು, ತಿಕೋಟಾ

ಉತ್ತರ: ಸುಡಬೇಡಿ ಸರ್, ಆ ಹೊಗೆ ನಿಮ್ಮ ಮನೆಯವರ ಎದೆಗೇ ಹೋಗುತ್ತದೆ. ಗುಜರಿಯವನದೂ ತಪ್ಪಿಲ್ಲ. ಬಿಸಿಲಿಗೆ ಬೆಂದು ಮಣ್ಣು ಮೆತ್ತಿದ ಹಾಳೆಯನ್ನು ಕರಗಿಸಿದರೆ ಗಟ್ಟಿ ಮಾಲು ಬರುವುದಿಲ್ಲ. ಎರಡು ವರ್ಷದ್ದನ್ನು ನಾಲ್ಕು ವರ್ಷ ಬಾಳಿಸಿದರೆ ಕಸ ಅರ್ಧಕ್ಕೆ ಇಳಿಯುತ್ತದೆ, ಅಲ್ವಾ? ನಮ್ಮ ಕೈಯಲ್ಲಿರುವುದು ಅದೇ.

ತಾಡಪತ್ರಿಯ ದೊಡ್ಡ ಶತ್ರು ಮಳೆ ಅಲ್ಲ, ಬಿಸಿಲಿನ ಯು.ವಿ. ಕಿರಣ. ಅದು ಪ್ಲಾಸ್ಟಿಕ್ಕಿನ ಉದ್ದನೆಯ ಎಳೆಗಳನ್ನು ಒಳಗೊಳಗೇ ಕಡಿಯುತ್ತದೆ. ಕೊಳ್ಳುವಾಗ ದಪ್ಪ ಮಾತ್ರ ನೋಡಬೇಡಿ, ಯು.ವಿ. ತಡೆ ಇದೆಯಾ, ತಾಡಪತ್ರಿಯ ಗುಣಮಟ್ಟ ಹೇಳುವ ಐಎಸ್ 7903 ಗುರುತು ಇದೆಯಾ ಕೇಳಿ. ಹಣ್ಣು ಒಣಗಿಸುವ ಕೆಲಸ ಮುಗಿದ ಮೇಲೂ ಮೇ ತಿಂಗಳಿಡೀ ಸುಮ್ನೆ ಶೆಡ್ಡಿನ ಮೇಲೇ ಬಿಡುತ್ತೇವಲ್ಲ, ಅಲ್ಲೇ ಅರ್ಧ ಆಯುಷ್ಯ ಹೋಗುವುದು. ಇಳಿಸಿ, ಒರೆಸಿ, ಒಣಗಿಸಿ, ಮಡಚದೆ ಹಳೇ ಪೈಪಿಗೆ ಸುತ್ತಿ ನೆರಳಿಗಿಡಿ. ಮಡಿಕೆ ಬಿದ್ದ ಗೆರೆಯಲ್ಲೇ ಮೊದಲು ಸೀಳುತ್ತದೆ.

ಇನ್ನೊಂದು, ಕಟ್ಟುವ ರೀತಿ. ಹಗ್ಗ ಜಗ್ಗಿ ಬಿಗಿದರೆ ಗಾಳಿಗೆ ರಿಂಗೇ ಕಿತ್ತು ಬರುತ್ತದೆ. ನಾನೂ ಹೀಗೆ ಒಂದು ಹೊಸದನ್ನು ಒಂದೇ ರಾತ್ರಿಯಲ್ಲಿ ಹಾಳು ಮಾಡಿಕೊಂಡವನೇ! ಈಗ ರಿಂಗಿಗೂ ಹಗ್ಗಕ್ಕೂ ನಡುವೆ ಗೇಣುದ್ದ ಸೈಕಲ್ ಟ್ಯೂಬ್ ಕಟ್ಟುತ್ತೇನೆ, ಗಾಳಿ ಜಗ್ಗಿದರೆ ಟ್ಯೂಬ್ ಹಿಗ್ಗುತ್ತದೆ. ತಂತಿ, ಕೋನ ಉಜ್ಜುವ ಕಡೆಯೂ ಟ್ಯೂಬ್ ಸುತ್ತಿ.

ಸಣ್ಣ ತೂತು ಕಂಡ ದಿನವೇ ಒರೆಸಿ, ಎರಡೂ ಬದಿಗೆ ತಾಡಪತ್ರಿ ಟೇಪ್ ಹಚ್ಚಿ. ಫೆವಿಕಾಲ್ ಇದಕ್ಕೆ ಹಿಡಿಯುವುದಿಲ್ಲ. ತೀರಾ ಹರಿದದ್ದರಲ್ಲಿ ಗಟ್ಟಿ ಭಾಗ ಕತ್ತರಿಸಿ ಕಣಿಕೆ ಬಣವೆಗೆ ಹಾಕಿ. ಉಜ್ಜಿದರೆ ಕೈಗೆ ಪುಡಿ ಅಂಟುತ್ತಿದೆಯಾ? ಹಾಗಾದರೆ ಹೊಲದಲ್ಲಿ ಬಿಡಬೇಡಿ, ಆ ಪುಡಿ ಮಣ್ಣಿನಿಂದ ಹೊರಗೆ ಬರುವುದಿಲ್ಲ. ಚೀಲಕ್ಕೆ ತುಂಬಿ ಪಂಚಾಯತಿಯ ಒಣಕಸಕ್ಕೆ ಕೊಡಿ.

ಪ್ರಶ್ನೆ: ಕುಕ್ಕರಿನ ಕಪ್ಪು ಹಿಡಿಕೆ ಸೀಳಿದೆ. ಕರಗಿಸಿ ಅಂಟಿಸಬಹುದಾ?
– ಗೃಹಿಣಿ, ಇಳಕಲ್ಲ

ಉತ್ತರ: ಆಗುವುದಿಲ್ಲ ಅಕ್ಕ. ಅದು ಬೇಕಲೈಟ್ ಜಾತಿಯ ಪ್ಲಾಸ್ಟಿಕ್, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಕಾಯಿಸಿದರೆ ಸೀಯುತ್ತದೆ ಅಷ್ಟೇ. ಸೀಳಿದ ಹಿಡಿಕೆಯ ಕುಕ್ಕರ್ ಎತ್ತುವುದು ಅಪಾಯ. ಅದೇ ಕಂಪನಿಯ ಹಿಡಿಕೆ ಮಾತ್ರ ತಂದು ಬದಲಿಸಿ, ಕುಕ್ಕರ್ ಎಸೆಯಬೇಡಿ. ಮುಂದೆ ಸ್ಕ್ರೂ ಸಡಿಲಾದ ಕೂಡಲೇ ಬಿಗಿ ಮಾಡಿ, ಉರಿ ಪಾತ್ರೆಯ ತಳ ದಾಟದಂತೆ ನೋಡಿಕೊಳ್ಳಿ.