ಗ್ರಾಫ್ ತುಂಬಾ ಬರೀ 'ಬಿ' ಅಕ್ಷರ, ಯಾಕೆ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿ. ಬಾಗಲಕೋಟೆ, ಬಾದಾಮಿ, ಬೀಳಗಿ, ಮುಧೋಳ ತಾಲ್ಲೂಕುಗಳ ಮಣ್ಣಿನ ಲವಣಾಂಶ ಮತ್ತು ಕಬ್ಬಿನ ಇಳುವರಿಯನ್ನು ಆರ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಗ್ರಾಫ್ ಮಾಡಬೇಕು. ಸೀನಿಯರ್ ಕೊಟ್ಟ ಹಳೇ ಸ್ಕ್ರಿಪ್ಟ್ ಓಡಿಸಿದರೆ ಖಾಲಿ ಚೌಕಟ್ಟು ಬಂತು. ಅದರಲ್ಲಿದ್ದ, ಹೆಸರನ್ನು ಸಂಖ್ಯೆ ಮಾಡುವ ಆಸ್.ನ್ಯೂಮರಿಕ್ ತೆಗೆದು ಹಾಕಿದೆ, ಈಗ ಚುಕ್ಕಿ ಜಾಗದಲ್ಲಿ ಇಂಗ್ಲಿಷಿನ ಬಿ ಮತ್ತು ಎಂ ಬರುತ್ತಿವೆ. ಪ್ರಿಂಟ್ ಕಪ್ಪು-ಬಿಳುಪಿನಲ್ಲಿ. ತಾಲ್ಲೂಕಿಗೊಂದು ಗುರುತು ಹಾಕುವುದು ಹೇಗೆ?

ಉತ್ತರ: ಸೀನಿಯರ್‌ನ ಬೈಯಬೇಡಿ, ಸ್ಕ್ರಿಪ್ಟಿಗೆ ವಯಸ್ಸಾಗಿದೆ ಅಷ್ಟೆ. 2020ರಲ್ಲಿ ಬಂದ ಆರ್ 4.0.0ಕ್ಕೆ ಮೊದಲು, ಸಿಎಸ್‌ವಿ ಫೈಲ್ (ದತ್ತಾಂಶದ ಕೋಷ್ಟಕ) ಓದಿಸಿದರೆ ಹೆಸರುಗಳಿರುವ ಕಾಲಂ ತಾನೇ ಫ್ಯಾಕ್ಟರ್ ಆಗುತ್ತಿತ್ತು, ಅಂದರೆ ಪ್ರತಿ ಹೆಸರಿನ ಹಿಂದೆ 1, 2, 3 ಅಂತ ಒಂದು ನಂಬರ್ ಇರುತ್ತಿತ್ತು, ಆ ನಂಬರೇ ಗುರುತಾಗುತ್ತಿತ್ತು. ಈಗ ಹಾಗಿಲ್ಲ. 'ಮುಧೋಳ'ವನ್ನು ಸಂಖ್ಯೆ ಮಾಡು ಅಂದರೆ ಅದು ಎಲ್ಲಿಂದ ಮಾಡುತ್ತೆ? ಎನ್‌ಎ (ಅಂದರೆ ಮೌಲ್ಯವಿಲ್ಲ) ಕೊಟ್ಟು ಸುಮ್ಮನಾಗುತ್ತದೆ, ಚುಕ್ಕಿ ಬೀಳುವುದಿಲ್ಲ. ಇನ್ನು ಗುರುತು ಯಾವುದೆಂದು ಹೇಳುವ ಪಿಸಿಎಚ್‌ಗೆ ಹೆಸರನ್ನೇ ಕೊಟ್ಟರೆ ಆರ್ ಅದರ ಮೊದಲ ಅಕ್ಷರ ಮಾತ್ರ ತೆಗೆದುಕೊಳ್ಳುತ್ತದೆ. ನಿಮ್ಮ ನಾಲ್ಕರಲ್ಲಿ ಮೂರು ತಾಲ್ಲೂಕು ಬಿ!

ತಾಲ್ಲೂಕು ಕಾಲಂ ಅನ್ನು ನೀವೇ ಫ್ಯಾಕ್ಟರ್ ಮಾಡಿ. ಆಮೇಲೆ ಪಿಸಿಎಚ್‌ಗೆ ನಾಲ್ಕು ನಂಬರ್ ಆರಿಸಿ, ಆ ನಂಬರ್ ಪಟ್ಟಿಯ ಪಕ್ಕ ಚೌಕ ಬ್ರಾಕೆಟ್ಟಿನಲ್ಲಿ ಆ ಫ್ಯಾಕ್ಟರ್ ಹಾಕಿ. 0ರಿಂದ 25ರವರೆಗೆ ಗುರುತುಗಳಿವೆ. ಕಪ್ಪು-ಬಿಳುಪಿಗೆ ನಾನಾದರೆ 1, 17, 4, 15 ತಗೊಳ್ತೀನಿ: ಖಾಲಿ ವೃತ್ತ, ತುಂಬಿದ ತ್ರಿಕೋನ, ಗುಣಾಕಾರ ಚಿಹ್ನೆ, ತುಂಬಿದ ಚೌಕ. 0, 1, 2, 5 ಎಲ್ಲವೂ ಖಾಲಿ ಆಕಾರಗಳು, ಸಣ್ಣದಾಗಿ ಪ್ರಿಂಟ್ ಆದರೆ ಯಾವುದು ಯಾವುದು ಅಂತಲೇ ಗೊತ್ತಾಗಲ್ಲ. ಚುಕ್ಕಿ ಒಂದರ ಮೇಲೊಂದು ಜಾಸ್ತಿ ಬೀಳುವ ತಾಲ್ಲೂಕಿಗೆ ಖಾಲಿ ವೃತ್ತವೇ ವಾಸಿ, ಅಡಿಯಲ್ಲಿರುವುದೂ ಕಾಣುತ್ತದೆ. ಗಾತ್ರಕ್ಕೆ ಸಿಇಎಕ್ಸ್ ಇದೆ. 21ರಿಂದ 25ರವರೆಗಿನವಕ್ಕೆ ಅಂಚಿನ ಬಣ್ಣ ಬೇರೆ, ಒಳಗಿನ ಬಣ್ಣ ಬೇರೆ ಕೊಡಬಹುದು; ಒಳಗಿನದಕ್ಕೆ ಬಿಜಿ.

ಹೆಚ್ಚಿನವರು ಎಡವುವುದು ಲೆಜೆಂಡ್‌ನಲ್ಲಿ, ಅಂದರೆ ಯಾವ ಗುರುತು ಯಾವ ತಾಲ್ಲೂಕಿನದು ಎಂದು ಹೇಳುವ ಪಟ್ಟಿಯಲ್ಲಿ. ಫ್ಯಾಕ್ಟರ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ, ಇಂಗ್ಲಿಷಿನಲ್ಲಿ ಬರೆದಿದ್ದರೆ ಬಾದಾಮಿ ಮೊದಲು, ಬಾಗಲಕೋಟೆ ಆಮೇಲೆ. ನೀವು ಜಿಲ್ಲಾ ಕೇಂದ್ರ ಮೊದಲು ಅಂತ ಲೆಜೆಂಡ್‌ನಲ್ಲಿ ಕೈಯಿಂದ ಹೆಸರು ಟೈಪ್ ಮಾಡಿದರೆ ಬಾದಾಮಿಯ ಇಳುವರಿ ಬಾಗಲಕೋಟೆಯ ಲೆಕ್ಕಕ್ಕೆ ಹೋಗುತ್ತದೆ, ಆರ್ ತುಟಿ ಪಿಟಕ್ಕೆನ್ನಲ್ಲ. ಅದಕ್ಕೇ ಲೆಜೆಂಡ್ ಹೆಸರುಗಳನ್ನು ಫ್ಯಾಕ್ಟರಿನ ಹೆಸರುಪಟ್ಟಿಯಾದ ಲೆವೆಲ್ಸ್‌ನಿಂದಲೇ ತೆಗೆಯಿರಿ.

ಆರ್‌ನ ಗ್ರಾಫ್ ಪ್ಯಾಕೇಜ್ ಜಿಜಿಪ್ಲಾಟ್2 ಬಳಸಿದರೆ ಈ ತಲೆನೋವಿಲ್ಲ, ಲೆಜೆಂಡ್ ಅದೇ ಮಾಡುತ್ತದೆ. ಆದರೆ ಅದು ತಾನಾಗಿ ಕೊಡುವುದು ಆರೇ ಆಕಾರ. ಜಿಲ್ಲೆಯ ಹಳೇ ಆರು ತಾಲ್ಲೂಕಿಗೆ ಸಾಕು. ಇಳಕಲ್ಲನ್ನೂ ಸೇರಿಸಿದಿರೋ, ಅಕಾರಾದಿಯಲ್ಲಿ ಏಳನೆಯದಕ್ಕೆ ಆಕಾರ ಸಿಗದೆ ಆ ತಾಲ್ಲೂಕಿನ ಚುಕ್ಕಿಗಳು ಬೀಳುವುದೇ ಇಲ್ಲ, ಎಚ್ಚರಿಕೆ ಮಾತ್ರ ಬರುತ್ತದೆ. ಆಗ ಸ್ಕೇಲ್_ಶೇಪ್_ಮ್ಯಾನ್ಯುಯಲ್ ಹಾಕಿ ಏಳೂ ನಂಬರ್ ನೀವೇ ಕೊಡಿ.