ಪ್ಲೇಟ್ ಸುಟ್ಟಿದ್ದು ಯಾಕೆ ಅಂತ ಮೊದಲು ಕೇಳಿ

ಗಲ್ಫಿನ ಶಾಲೆಗಳಿಗೆ ರಜೆ ಸಿಕ್ಕಿ ನಮ್ಮವರು ಊರಿಗೆ ಬರುವ ಜುಲೈ–ಆಗಸ್ಟ್ ಹೊತ್ತಿಗೆ ಈ ಅಂಕಣಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪ್ರಶ್ನೆಗಳು ರಾಶಿ ಬೀಳುತ್ತವೆ. ಹೆಚ್ಚಿನ ಪತ್ರಗಳಲ್ಲಿ ಇರುವುದು ಒಂದೇ ಮಾತು: "ಇಂಜಿನ್ ಪವರ್ ಜಾಸ್ತಿ ಮಾಡಿಸಿದೆ, ಗೇರ್‌ಬಾಕ್ಸ್ ಸುಟ್ಟಿತು, ಯಾವ ಕಂಪನಿಯ ಪ್ಲೇಟ್ ಹಾಕಿಸಲಿ?" ಪ್ಲೇಟಿನ (ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟಿನ) ಕಂಪನಿ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಈ ಸಲ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರಿಗೆ ಕೊನೆಯಲ್ಲಿ ಚುಟುಕು ಉತ್ತರ. ಟಾರ್ಕ್ ಕನ್ವರ್ಟರ್ ಅಂದರೇನು, ಪ್ಲಾನೆಟರಿ ಗೇರ್ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. 700 ಎಚ್‌ಪಿ ಗಾಡಿ ಇಟ್ಟುಕೊಂಡವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಅಣ್ಣಾ, ನಾನು ಉಪ್ಪಳದವನು, ಶಾರ್ಜಾದಲ್ಲಿದ್ದೇನೆ. ನನ್ನದು ನಿಸಾನ್ ಪಟ್ರೋಲ್, 4.8 ಲೀಟರಿನ ಟಿಬಿ48 ಇಂಜಿನ್. ಟರ್ಬೊ ಹಾಕಿಸಿ, ಹೊರಗಿನ ಇಸಿಯು (ಇಂಜಿನ್ ಕಂಪ್ಯೂಟರ್) ಕೂರಿಸಿ 700 ಎಚ್‌ಪಿ ಮಾಡಿಸಿದ್ದೇನೆ. ಗೇರ್‌ಬಾಕ್ಸ್ ಮಾತ್ರ ಕಂಪನಿಯ 5 ಸ್ಪೀಡ್. ಎರಡು ಸಲ ಬಿಚ್ಚಿಸಿ ಹೊಸ ಪ್ಲೇಟ್ ಹಾಕಿಸಿದೆ, ಎರಡು ಸಲವೂ ಸುಟ್ಟು ಕರಕಲಾಯಿತು. ಈಗ ಗ್ಯಾರೇಜಿನವರು ಕೆವ್ಲರ್ ಪ್ಲೇಟ್ ಹಾಕಿದರೆ ಸಾಕು ಅನ್ನುತ್ತಾರೆ. ಗೆಳೆಯರು ಟರ್ಬೊ 400 ಗೇರ್‌ಬಾಕ್ಸ್ ಹಾಕು ಅನ್ನುತ್ತಾರೆ. ವಾರದ ದಿನ ಕೆಲಸಕ್ಕೆ ಹೋಗುವುದೂ ಇದೇ ಗಾಡಿಯಲ್ಲಿ, ರಜೆ ದಿನ ಮರಳುಗುಡ್ಡ ಹತ್ತುವುದೂ ಇದರಲ್ಲೇ. ಏನು ಮಾಡಲಿ?

ಉತ್ತರ: ತಮ್ಮಾ, ಬರೀ ಕೆವ್ಲರ್ ಪ್ಲೇಟ್ ಹಾಕಿಸಿದರೆ ಮೂರನೇ ಸಲವೂ ಸುಡುತ್ತದೆ. ಆ ಪ್ಲೇಟು ಬಿಸಿಯನ್ನು ಹೆಚ್ಚು ತಡೆಯುತ್ತದೆ, ನಿಜ. ಆದರೆ ನಿಮ್ಮ ಗಾಡಿಯಲ್ಲಿ ಪ್ಲೇಟು ಜಾರುತ್ತಿದೆ. ಜಾರುವುದು ಯಾಕೆ ಅಂತ ಆ ಗ್ಯಾರೇಜಿನಲ್ಲಿ ಒಬ್ಬರೂ ಕೇಳಿದಂತಿಲ್ಲ.

ಮೊದಲು ಎಚ್‌ಪಿ ಮರೆತುಬಿಡಿ. ಗೇರ್‌ಬಾಕ್ಸಿನ ಮೇಲೆ ಬೀಳುವುದು ಟಾರ್ಕ್, ಅಂದರೆ ತಿರುಗಿಸುವ ಬಲ. 700 ಎಚ್‌ಪಿ 6000 ಆರ್‌ಪಿಎಂನಲ್ಲಿ ಬಂದರೆ ಅಲ್ಲಿ ಟಾರ್ಕ್ ಸುಮಾರು 830 ಎನ್‌ಎಂ (ನ್ಯೂಟನ್ ಮೀಟರ್). ಟರ್ಬೊ 4000ದ ಹತ್ತಿರವೇ ಪೂರ್ತಿ ತುಂಬಿಕೊಂಡರೆ ಅಲ್ಲಿ 1000 ದಾಟಿದರೂ ಆಶ್ಚರ್ಯವಿಲ್ಲ. ಗಾಡಿ ನಿಂತಲ್ಲಿಂದ ಎಳೆಯುವಾಗ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಅದನ್ನು ಹೆಚ್ಚುಕಮ್ಮಿ ಇಮ್ಮಡಿ ಮಾಡಿ ಇನ್‌ಪುಟ್ ಶಾಫ್ಟಿಗೆ ಕೊಡುತ್ತದೆ. ಪವರ್ ಅಳೆಯುವ ಡೈನೊ ಯಂತ್ರದ ಚೀಟಿಯಲ್ಲಿ ಟಾರ್ಕಿನ ಗೆರೆ ಎಲ್ಲಿ ಏಳುತ್ತದೆ ಅಂತ ನೋಡಿ. ಗೇರ್‌ಬಾಕ್ಸ್ ಕಟ್ಟುವವನಿಗೆ ಬೇಕಾದದ್ದು ಆ ಗೆರೆ.

ಒಂದು ಕ್ಲಚ್ ಪ್ಯಾಕ್ (ಪ್ಲೇಟುಗಳ ಕಟ್ಟು) ಎಷ್ಟು ಟಾರ್ಕ್ ಹಿಡಿಯುತ್ತದೆ ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ಪ್ಲೇಟಿನ ಹಿಡಿತದ ಗುಣ, ಪ್ಲೇಟುಗಳನ್ನು ಪಿಸ್ಟನ್ ಒತ್ತುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ. ಈ ನಾಲ್ಕನ್ನು ಗುಣಿಸಿದರೆ ಆಯಿತು. ಪ್ಲೇಟುಗಳು ಕೂರುವ ಡ್ರಮ್ಮು ಬದಲಿಸದೆ ತ್ರಿಜ್ಯ ಬದಲಾಗದು. 5 ಫ್ರಿಕ್ಷನ್ (ಉಜ್ಜುವ) ಪ್ಲೇಟಿನ ಜಾಗದಲ್ಲಿ 6 ಹಾಕಿದರೆ ಮೈಗಳು 10ರಿಂದ 12 ಆಗುತ್ತವೆ, ಅಂದರೆ 20% ಜಾಸ್ತಿ. ಒತ್ತುವ ಬಲವನ್ನೂ 20% ಏರಿಸಿದರೆ ಎರಡೂ ಸೇರಿ 44%. ಇಷ್ಟೇ ಸಿಗುವುದು. "ಪ್ಲೇಟ್ ಬದಲಿಸಿದರೆ ಡಬಲ್ ತಡೆಯುತ್ತದೆ" ಅನ್ನುವವನ ಮುಂದೆ ಈ ಲೆಕ್ಕ ಇಡಿ.

ಹೆಚ್ಚಿನ ಪ್ಲೇಟು ಪುಕ್ಕಟೆ ಬರುವುದೂ ಇಲ್ಲ. ಡ್ರಮ್ಮಿನೊಳಗೆ ಜಾಗ ಅಷ್ಟೇ ಇರುವುದರಿಂದ ಇನ್ನೊಂದು ಫ್ರಿಕ್ಷನ್ ತೂರಿಸಲು ಸ್ಟೀಲ್ ಪ್ಲೇಟನ್ನು ತೆಳ್ಳಗಿನದು ಹಾಕುತ್ತಾರೆ. ಗೇರ್ ಬದಲಾಗುವಾಗ ಹುಟ್ಟುವ ಬಿಸಿಯನ್ನು ಹೀರಿಕೊಳ್ಳುವುದು ಆ ಸ್ಟೀಲೇ. ಅದನ್ನು ತೆಳ್ಳಗೆ ಮಾಡಿದರೆ ಹಿಡಿತ ಹೆಚ್ಚುತ್ತದೆ, ಬಿಸಿ ತಡೆಯುವ ಶಕ್ತಿ ಕಮ್ಮಿಯಾಗುತ್ತದೆ. ಡ್ರ್ಯಾಗ್ ಪಟ್ಟಿಯಲ್ಲಿ ಕೆಲವೇ ಸೆಕೆಂಡು ಓಡುವ ಗಾಡಿಗೆ ಅದು ನಡೆಯುತ್ತದೆ. ಮರಳಿನಲ್ಲಿ ಗಂಟೆಗಟ್ಟಲೆ ಒದ್ದಾಡುವ ನಿಮ್ಮ ಗಾಡಿಗೆ ನಾನು ದಪ್ಪ ಸ್ಟೀಲ್ ಉಳಿಸಿಕೊಳ್ಳಿ ಅಂತಲೇ ಹೇಳುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ "ಹೊರಗಿನ ಇಸಿಯು" ಅಂತ ಒಂದು ಮಾತು ಇದೆಯಲ್ಲ, ನನ್ನ ಸಂಶಯ ಪೂರ್ತಿ ಅದರ ಮೇಲೆ. ಕಂಪನಿಯ ಗಾಡಿಯಲ್ಲಿ ಇಂಜಿನ್ ಕಂಪ್ಯೂಟರ್ ಈಗ ಇಷ್ಟು ಟಾರ್ಕ್ ಇದೆ ಅಂತ ಗೇರ್‌ಬಾಕ್ಸ್ ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತದೆ. ಅದನ್ನು ನೋಡಿಕೊಂಡು ಗೇರ್‌ಬಾಕ್ಸ್ ಲೈನ್ ಪ್ರೆಷರ್ (ಪ್ಲೇಟು ಒತ್ತಿ ಹಿಡಿಯುವ ಎಣ್ಣೆಯ ಒತ್ತಡ) ಏರಿಸುತ್ತದೆ, ಇಳಿಸುತ್ತದೆ. ಗೇರ್ ಬದಲಾಗುವ ಆ ಕ್ಷಣಕ್ಕೆ "ಸ್ವಲ್ಪ ಟಾರ್ಕ್ ಇಳಿಸು" ಅಂತ ಇಂಜಿನ್ನಿಗೆ ಕೇಳುತ್ತದೆ. ಇಂಜಿನ್ ಇಗ್ನಿಷನ್ ಹಿಂದೆ ಸರಿಸಿ (ಕಿಡಿ ತಡವಾಗಿ ಹಾರಿಸಿ) ಟಾರ್ಕ್ ಇಳಿಸಿಕೊಡುತ್ತದೆ. ಹೊರಗಿನ ಇಸಿಯು ಕೂರಿಸುವಾಗ ಬಹಳ ಕಡೆ ಈ ಮಾತುಕತೆಯೇ ತುಂಡಾಗುತ್ತದೆ. ಆಗ ಗೇರ್‌ಬಾಕ್ಸಿಗೆ ಬರುವ ಟಾರ್ಕಿನ ಲೆಕ್ಕ ಸುಳ್ಳು, ಅಥವಾ ಏನೂ ಬರುವುದಿಲ್ಲ. ಟರ್ಬೊದ ಪೂರ್ತಿ ಬೂಸ್ಟ್ ಇರುವಾಗ, ಕಂಪನಿ ಗಾಡಿಗೆ ಸಾಕಾಗುವಷ್ಟು ಪ್ರೆಷರ್ ಇಟ್ಟುಕೊಂಡು ಅದು ಮೆಲ್ಲಗೆ, ಹಿತವಾಗಿ ಗೇರ್ ಬದಲಿಸಲು ಹೋಗುತ್ತದೆ. ಅಡಿಕೆ ಮರದಿಂದ ಇಳಿಯುವವನ ಅಂಗೈ ಸುಡುವುದು ಹಿಡಿತ ಅರ್ಧ ಸಡಿಲಾಗಿ ಜಾರಿದಾಗ, ಅಲ್ವಾ? ಪ್ಲೇಟಿನ ಕಥೆಯೂ ಅದೇ. ಪ್ಲೇಟಿನಲ್ಲಿ ಹುಟ್ಟುವ ಬಿಸಿ ಅಂದರೆ ಟಾರ್ಕ್, ಜಾರುವ ವೇಗ, ಜಾರುವ ಸಮಯ ಈ ಮೂರರ ಗುಣಾಕಾರ. ನಿಮ್ಮಲ್ಲಿ ಮೂರೂ ಏರಿವೆ.

ಆದ್ದರಿಂದ ಹೊಸ ಪ್ಲೇಟಿಗೆ ದುಡ್ಡು ಕೊಡುವ ಮೊದಲು ಇಷ್ಟು ಮಾಡಿಸಿ. ಲೈನ್ ಪ್ರೆಷರ್ ಟ್ಯಾಪಿಗೆ ಗೇಜ್ ಹಾಕಿಸಿ. ಐಡಲ್‌ನಲ್ಲಿ ಎಷ್ಟು, ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಎಷ್ಟು ಅಂತ ಬರೆದಿಡಿ. ಗೇರ್ ಬದಲಾಗುವಾಗ ಇಂಜಿನ್ ನಿಜವಾಗಿ ಟಾರ್ಕ್ ಇಳಿಸುತ್ತಿದೆಯೇ ಅಂತ ಡೇಟಾ ಲಾಗ್‌ನಲ್ಲಿ ನೋಡಿ. ಇದು ಗೊತ್ತಿಲ್ಲದ ಟ್ಯೂನರ್ ಹತ್ತಿರ ಮತ್ತೆ ಹೋಗಬೇಡಿ.

ಹಳೆಯ ಪ್ಲೇಟುಗಳನ್ನು ಎಸೆದಿಲ್ಲ ಅಂದುಕೊಳ್ಳುತ್ತೇನೆ. ಅವು ಬಹಳ ಹೇಳುತ್ತವೆ. ಒಂದೇ ಪ್ಯಾಕ್ ಸುಟ್ಟು ಉಳಿದವು ಚೆನ್ನಾಗಿದ್ದರೆ ಆ ಒಂದು ಸರ್ಕ್ಯೂಟಿನಲ್ಲಿ ಎಣ್ಣೆ ಸೋರಿದೆ ಅಂತ ಅರ್ಥ. ಪಿಸ್ಟನ್ ಸೀಲ್, ಸೀಲಿಂಗ್ ರಿಂಗ್, ಬಿರುಕು ಬಿಟ್ಟ ಡ್ರಮ್ಮು, ಎಣ್ಣೆಯನ್ನು ಹಂಚುವ ವಾಲ್ವ್ ಬಾಡಿಯಲ್ಲಿ ಸವೆದ ತೂತು, ಇವನ್ನು ಹುಡುಕಿ. ಎಲ್ಲ ಪ್ಯಾಕೂ ಕಪ್ಪಾಗಿದ್ದರೆ ಪಂಪ್, ಪ್ರೆಷರ್, ಇಲ್ಲವೇ ಬಿಸಿ. ಜೊತೆಗೆ ಇನ್ನೊಂದು ಪ್ರಶ್ನೆ: ಮೊದಲ ಸಲ ಸುಟ್ಟಾಗ ಕನ್ವರ್ಟರ್ ಮತ್ತು ಕೂಲರ್ ಬದಲಿಸಿದ್ದರಾ? ಸುಟ್ಟ ಪ್ಲೇಟಿನ ಪುಡಿ ಕನ್ವರ್ಟರ್ ಒಳಗೆ ಕೂತಿರುತ್ತದೆ. ಸುಮ್ನೆ ಎಣ್ಣೆ ಹಾಯಿಸಿದರೆ ಅದು ಹೊರಬರುವುದಿಲ್ಲ. ಕನ್ವರ್ಟರನ್ನು ಕೊಯ್ದು ತೊಳೆದು ಮತ್ತೆ ವೆಲ್ಡ್ ಮಾಡಬೇಕು, ಇಲ್ಲವೇ ಹೊಸದು ಹಾಕಬೇಕು. ಹಳೆಯದನ್ನೇ ಕೂರಿಸಿದ್ದರೆ ಎರಡನೇ ಸಲ ಸುಟ್ಟದ್ದಕ್ಕೆ ಅರ್ಧ ಕಾರಣ ಅಲ್ಲೇ ಇದೆ.

ಟರ್ಬೊ 400 ವಿಚಾರ. ನಿಮ್ಮ ಗೆಳೆಯರು ಕೆಟ್ಟ ಸಲಹೆ ಕೊಟ್ಟಿಲ್ಲ. ಜನರಲ್ ಮೋಟಾರ್ಸ್ 1964ರಲ್ಲಿ ತಂದ ಆ 3 ಸ್ಪೀಡ್ ಗೇರ್‌ಬಾಕ್ಸ್ ಇವತ್ತಿಗೂ ದೊಡ್ಡ ಪವರಿನ ಗಾಡಿಗಳಲ್ಲಿ ಓಡುತ್ತಿರುವುದು ಸುಮ್ನೆ ಅಲ್ಲ. ಕಂಪ್ಯೂಟರ್ ಬೇಡ, ಒಳಗಿನ ಭಾಗಗಳು ದಪ್ಪ, ಬೇಕಾದ ಗಟ್ಟಿ ಬಿಡಿಭಾಗ ಎಲ್ಲ ಸಿಗುತ್ತದೆ. ಆದರೆ ಅದಕ್ಕೆ ಓವರ್‌ಡ್ರೈವ್ ಇಲ್ಲ, ಕನ್ವರ್ಟರ್ ಲಾಕ್‌ಅಪ್ (ಕನ್ವರ್ಟರ್ ಜಾರದಂತೆ ಇಂಜಿನ್ನಿಗೆ ನೇರ ಬಿಗಿಯುವ ವ್ಯವಸ್ಥೆ) ಇಲ್ಲ. ಟಾಪ್ ಗೇರ್ 1ಕ್ಕೆ 1. ದಿನಾ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗುವವರಿಗೆ ಇಂಜಿನ್ ಕೂಗು, ಪೆಟ್ರೋಲ್ ಖರ್ಚು, ಎಣ್ಣೆಯ ಬಿಸಿ ಮೂರೂ ತಲೆನೋವು. ನಿಮಗೆ ನಾನು ಹೇಳುವುದು 4ಎಲ್80ಇ. ಅದು ಟರ್ಬೊ 400ರ ವಂಶದ್ದೇ, 1991ರಲ್ಲಿ ಬಂತು. ಮೊದಲ ಮೂರು ಗೇರ್ ಅದೇ 2.48, 1.48, 1.00. ಮೇಲೆ 0.75ರ ಓವರ್‌ಡ್ರೈವ್, ಜೊತೆಗೆ ಲಾಕ್‌ಅಪ್. ಎಲೆಕ್ಟ್ರಾನಿಕ್ ಆದ್ದರಿಂದ ಒಳ್ಳೆಯ ಕಂಟ್ರೋಲರ್ ಬೇಕು, ಅದು ನಿಮ್ಮ ಇಸಿಯು ಜೊತೆ ಮಾತಾಡಬೇಕು. ನಾಲ್ಕೂ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಅಡಾಪ್ಟರ್ ಕೂಡ ಬೇಕು.

ಯಾವುದನ್ನೇ ತಂದರೂ ಗುಜರಿಯಿಂದ ಎತ್ತಿದಂತೆ ಕೂರಿಸಬೇಡಿ. 4ಎಲ್80ಇಗೆ ಕಂಪನಿ ಕೊಟ್ಟ ಇಂಜಿನ್ ಟಾರ್ಕ್ ಮಿತಿ ಸುಮಾರು 600 ಎನ್‌ಎಂ, ನಿಮ್ಮದು ಅದಕ್ಕಿಂತ ಎಷ್ಟೋ ಮೇಲೆ. ಗಟ್ಟಿ ಸ್ಟೀಲಿನ ಇನ್‌ಪುಟ್ ಶಾಫ್ಟ್ ಹಾಕಿಸಿ. ಇನ್ನು ಡೈರೆಕ್ಟ್ ಕ್ಲಚ್ಚಿನ ಪಿಸ್ಟನ್. ಅದಕ್ಕೆ ಎರಡು ಕೋಣೆ ಇದೆ. ಕಂಪನಿಯ ಸೆಟ್ಟಿಂಗಿನಲ್ಲಿ ಗಾಡಿ ಮುಂದಕ್ಕೆ ಓಡುವ ಗೇರಿನಲ್ಲಿ ಒಂದೇ ಕೋಣೆಗೆ ಎಣ್ಣೆ ಹೋಗುತ್ತದೆ. ತಿಳಿದವರು ಎರಡಕ್ಕೂ ಎಣ್ಣೆ ಬಿಡುತ್ತಾರೆ. ಅದೇ ಪ್ರೆಷರಿಗೆ ಒತ್ತುವ ಬಲ ಹೆಚ್ಚುತ್ತದೆ. ನನಗೆ ಬಹಳ ಇಷ್ಟವಾದ ಕೆಲಸ ಇದು. ಯಾಕೆಂದರೆ ಪಂಪಿನ ಪ್ರೆಷರನ್ನು ಸಿಕ್ಕಾಪಟ್ಟೆ ಏರಿಸದೆ ಹಿಡಿತ ಸಿಗುತ್ತದೆ. ಪ್ರೆಷರ್ ಒಂದನ್ನೇ ಏರಿಸುತ್ತ ಹೋದರೆ ಪಂಪ್ ಸವೆಯುತ್ತದೆ, ಎಣ್ಣೆ ಕಾಯುತ್ತದೆ, ಪ್ರತಿ ಗೇರಿಗೂ ಬೀಳುವ ಹೊಡೆತಕ್ಕೆ ಶಾಫ್ಟ್ ಮುರಿಯುತ್ತದೆ. ಟರ್ಬೊ 400 ತಂದರೆ ಹಳೆಯ ರೋಲರ್ ಕ್ಲಚ್ಚಿನ ಡೈರೆಕ್ಟ್ ಡ್ರಮ್ಮು ಬಿಟ್ಟು 34 ಅಥವಾ 36 ಎಲಿಮೆಂಟಿನ ಸ್ಪ್ರ್ಯಾಗ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಕ್ಲಚ್) ಇರುವುದನ್ನೇ ಹಾಕಿ.

ಜೋಡಿಸುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ. ಕಾಟನ್ ವೇಸ್ಟ್‌ನಲ್ಲಿ ಒರೆಸುವವನ ಕೈಗೆ ವಾಲ್ವ್ ಬಾಡಿ ಕೊಡಬೇಡಿ, ಒಂದು ಎಳೆ ನೂಲು ಸೊಲೆನಾಯ್ಡ್ ಕೆಡಿಸಲು ಸಾಕು. ಹೊಸ ಫ್ರಿಕ್ಷನ್ ಪ್ಲೇಟ್ ಅರ್ಧ ಗಂಟೆಯಾದರೂ ಗೇರ್‌ಬಾಕ್ಸ್ ಎಣ್ಣೆಯಲ್ಲಿ ನೆನೆಯಬೇಕು. ಪ್ಯಾಕಿನ ಸಂದು ಫೀಲರ್ ಗೇಜಿನಲ್ಲೇ ಅಳೆಯಬೇಕು, ಒಂದು ಫ್ರಿಕ್ಷನ್ನಿಗೆ ಸುಮಾರು 0.25 ಮಿಮೀ ಲೆಕ್ಕ. ಪ್ರತಿ ಪಿಸ್ಟನ್ನಿಗೂ ಗಾಳಿ ಕೊಟ್ಟು ಒತ್ತಿ ಹಿಡಿಯುತ್ತದೆಯೇ ಅಂತ ಪರೀಕ್ಷಿಸಬೇಕು. ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂತ ಮೇಲೆ ಇಂಜಿನ್ ಕಡೆಯ ಫ್ಲೆಕ್ಸ್‌ಪ್ಲೇಟಿಗೂ (ಕನ್ವರ್ಟರನ್ನು ಬಿಗಿಯುವ ತಟ್ಟೆ) ಅದಕ್ಕೂ 3ರಿಂದ 5 ಮಿಮೀ ಅಂತರ ಉಳಿಯಬೇಕು. ಅಂತರವೇ ಇಲ್ಲದೆ ಬೋಲ್ಟ್ ಬಿಗಿದರೆ ಸ್ಟಾರ್ಟ್ ಮಾಡಿದ ಕೂಡಲೇ ಪಂಪ್ ಪುಡಿ.

ಕನ್ವರ್ಟರನ್ನು ನಿಮ್ಮ ಟರ್ಬೊ ನೋಡಿ ಮಾಡಿಸಬೇಕು, ಗೆಳೆಯನ ಗಾಡಿ ನೋಡಿ ಅಲ್ಲ. ಸ್ಟಾಲ್ (ಗಾಡಿ ನಿಂತಿರುವಾಗ ಕನ್ವರ್ಟರ್ ಇಂಜಿನ್ನನ್ನು ಏರಲು ಬಿಡುವ ಆರ್‌ಪಿಎಂ) ಜಾಸ್ತಿ ಇಟ್ಟಷ್ಟೂ ಟರ್ಬೊ ಬೇಗ ತುಂಬುತ್ತದೆ, ಮಾಮೂಲಿ ಓಡಾಟದಲ್ಲಿ ಬಿಸಿಯೂ ಅಷ್ಟೇ ಜಾಸ್ತಿ. ಒಳಗಿನ ರೆಕ್ಕೆಗಳು ಬ್ರೇಜ್ ಆಗಿರಲಿ, ಉಬ್ಬದಂತೆ ತಡೆಯುವ ಪ್ಲೇಟ್ ಇರಲಿ.

ಬಿಸಿಯ ಬಗ್ಗೆ ನಾನು ಹೆದರುಪುಕ್ಕಲ ಅಂತ ಅಂದುಕೊಂಡರೂ ಪರವಾಗಿಲ್ಲ. ಫ್ಯಾನ್ ಇರುವ ದೊಡ್ಡ ಕೂಲರ್ ಹಾಕಿಸಿ, ಕಣ್ಣಿಗೆ ಕಾಣುವಲ್ಲಿ ಎಣ್ಣೆಯ ಟೆಂಪರೇಚರ್ ಗೇಜ್ ಇಡಿ. ಪ್ಯಾನ್‌ನಲ್ಲಿ 80ರಿಂದ 95 ಡಿಗ್ರಿ ಒಳ್ಳೆಯದು. 110 ಆದರೆ ಗುಡ್ಡದ ಆಸೆ ಬಿಡಿ. 120 ಆದರೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರಲಿ, ಎಣ್ಣೆ ಕೂಲರಿನಲ್ಲಿ ಸುತ್ತಿ ತಣಿಯಲಿ. ಗೆಳೆಯರು ಕಾಯುತ್ತಾರೆ.

ಕೊನೆಗೆ, ಇದನ್ನು ಯಾರೂ ಕೇಳುವುದಿಲ್ಲ. ಸ್ಪ್ರ್ಯಾಗ್ ಕೈಕೊಟ್ಟರೆ ಒಳಗಿನ ಡ್ರಮ್ಮು ಮಿತಿ ಮೀರಿ ತಿರುಗಿ ಸಿಡಿಯಬಹುದು. ಗೇರ್‌ಬಾಕ್ಸ್ ಇರುವುದು ನಿಮ್ಮ ಕಾಲಿನ ಪಕ್ಕದಲ್ಲೇ. ರೇಸಿಂಗ್ ಸುರಕ್ಷತೆಯ ಎಸ್‌ಎಫ್‌ಐ 29.1 ಗುರುತಿನ ಫ್ಲೆಕ್ಸ್‌ಪ್ಲೇಟ್, 4.1 ಗುರುತಿನ ಶೀಲ್ಡ್ ಇಲ್ಲದೆ ಆ ಗಾಡಿಯನ್ನು ಪೂರ್ತಿ ಒತ್ತಬೇಡಿ. ಪಕ್ಕದ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಂತೂ ಖಂಡಿತ ಬೇಡ.

ಮುಳ್ಳೇರಿಯಾದಿಂದ: ಡೀಸೆಲ್ ಗಾಡಿಗೆ ಟ್ಯೂನಿಂಗ್ ಬಾಕ್ಸ್ ಹಾಕಿದ ಮೇಲೆ ಸಂಪಾಜೆ ಘಾಟಿಯಲ್ಲಿ ಗೇರ್ ಜಾರುತ್ತದೆ.
ಬಾಕ್ಸ್ ಕಿತ್ತು ಹಾಕಿ. ಅದು ಇಂಜಿನ್ ಕಂಪ್ಯೂಟರಿಗೇ ಸುಳ್ಳು ಹೇಳುತ್ತದೆ, ಗೇರ್‌ಬಾಕ್ಸಿಗೆ ನಿಜ ಗೊತ್ತಾಗುವುದು ಹೇಗೆ?

ಮಂಜೇಶ್ವರದಿಂದ: 1.5 ಟಿಎಸ್‌ಐ, 7 ಸ್ಪೀಡ್ ಡಿಎಸ್‌ಜಿ. ಸ್ಟೇಜ್ 2 (ಪವರ್ ಏರಿಸುವ ಎರಡನೇ ಹಂತದ ಟ್ಯೂನಿಂಗ್) ಮಾಡಿಸಬಹುದೇ?
ನಿಮ್ಮ ಡಿಎಸ್‌ಜಿ, ಅಂದರೆ ಡ್ರೈ ಕ್ಲಚ್ಚಿನ ಡಿಕ್ಯೂ200 ಗೇರ್‌ಬಾಕ್ಸಿನ ಟಾರ್ಕ್ ಮಿತಿ 250 ಎನ್‌ಎಂ. ನಿಮ್ಮ ಕಾರು ಶೋರೂಮಿನಿಂದ ಬರುವಾಗಲೇ 250. ಬೇಡ.

ಪೆರ್ಲದಿಂದ: ಮೆಕ್ಯಾನಿಕ್ ಸೀಮೆಎಣ್ಣೆ ಹಾಕಿ ಗೇರ್‌ಬಾಕ್ಸ್ ತೊಳೆಯುತ್ತೇನೆ ಅನ್ನುತ್ತಾನೆ.
ಬೀಗದ ಕೈ ವಾಪಸ್ ತೆಗೆದುಕೊಂಡು ಬನ್ನಿ. ಜಾರುವ ಗೇರ್‌ಬಾಕ್ಸನ್ನು ಬಾಟಲಿಯ ಔಷಧಿಯಿಂದ ಸರಿ ಮಾಡುತ್ತೇನೆ ಅನ್ನುವವರಿಗೂ ಇದೇ ಉತ್ತರ.

ಬದಿಯಡ್ಕದಿಂದ: ಆಟೋಮ್ಯಾಟಿಕ್ ಅಂದರೆ ಮ್ಯಾನ್ಯುವಲ್‌ಗಿಂತ ಬಲ ಕಮ್ಮಿ ಅಲ್ವಾ?
ಅಲ್ಲ. 2021ರ ಫಾರ್ಚುನರ್ 2.8 ಡೀಸೆಲ್ ನೋಡಿ. ಮ್ಯಾನ್ಯುವಲ್‌ಗೆ 420 ಎನ್‌ಎಂ, ಆಟೋಮ್ಯಾಟಿಕ್‌ಗೆ 500.

ಕುಂಬಳೆಯಿಂದ: ಬಿಎಂಡಬ್ಲ್ಯೂ 8 ಸ್ಪೀಡ್. ಎಣ್ಣೆ "ಲೈಫ್‌ಟೈಮ್", ಬದಲಿಸಬೇಡಿ ಅಂದರು.
ಆ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ರಿಂದ 1,20,000 ಕಿಮೀ ಒಳಗೆ ಬದಲಿಸಿ ಅನ್ನುತ್ತದೆ. ಪ್ಯಾನ್ ಪ್ಲಾಸ್ಟಿಕ್ಕಿನದು, ಫಿಲ್ಟರ್ ಅದರೊಳಗೇ ಇದೆ, ಪ್ಯಾನ್ ಸಮೇತ ಬದಲಿಸಿ.

ಚೆರ್ಕಳದಿಂದ: ಮಳೆಗೆ ಗಾಡಿ ನೀರಲ್ಲಿ ನಿಂತಿತ್ತು. ಗೇರ್‌ಬಾಕ್ಸ್ ಎಣ್ಣೆ ಗುಲಾಬಿ ಹಾಲಿನಂತೆ ಕಾಣುತ್ತದೆ, ಆದರೂ ಓಡುತ್ತದೆ.
ಓಡಿಸಬೇಡಿ. ಸ್ಟಾರ್ಟ್ ಕೂಡ ಮಾಡಬೇಡಿ, ಲಾರಿ ಮೇಲೆ ಹಾಕಿ ಕಳಿಸಿ. ನೀರು ಫ್ರಿಕ್ಷನ್ ಪ್ಲೇಟಿನ ಅಂಟು ಬಿಡಿಸುತ್ತದೆ. ಎಣ್ಣೆ ಬದಲಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಚ್ಚಿಸಿ ನೋಡಿಸಿ, ಇವತ್ತೇ.